ಯಾಕೆ ಎಂದು ಕೇಳಿದ ಸಿಪಾಯಿಗಳು

“ಎಂತಕ್ಕೆ ಅಂತೆಲ್ಲ ಕೇಳ್ಬೇಡ. ಬೇಡ ಅಂದ್ರೆ ಬೇಡ. ಖಲಾಸ್!”

ಇಲ್ಲಿ ಗಲ್ಫಿನಲ್ಲಿ, ಬಿನ್ ಒಮ್ರಾನ್‌ನ ನಮ್ಮ ಫ್ಲ್ಯಾಟಿನಲ್ಲಿ ಕಳೆದ ವಾರ ಹೊರಟ ಆಜ್ಞೆ ಇದು. ಹೊರಡಿಸಿದವರು ನನ್ನ ಗಂಡ. ಒಂಬತ್ತನೇ ಕ್ಲಾಸಿನ ಮಗಳು ಶ್ರೇಯಾಗೆ ಸ್ಕೂಲಿನವರ ಜೊತೆ ಮರುಭೂಮಿಯ ಕ್ಯಾಂಪಿಗೆ ಹೋಗುವ ಆಸೆ. ಒಂದು ರಾತ್ರಿ ಟೆಂಟಿನಲ್ಲಿ ವಾಸ. ಟೀಚರ್‌ಗಳೂ ಇರುತ್ತಾರೆ. (ನಾನೆಲ್ಲಿದ್ದೆ? ಎಂದಿನಂತೆ ಅಡುಗೆಮನೆಯಲ್ಲಿ, ಯಾರ ಪಕ್ಷವೂ ಅಲ್ಲ.)

ಮರುದಿನ ಸಂಜೆ ಅವಳಿಗೆ ಹಿಸ್ಟರಿ ಪ್ರೆಸೆಂಟೇಶನ್ನಿನ ಪ್ರಾಕ್ಟೀಸ್. ಮುಖ ಊದಿಸಿಕೊಂಡೇ ಅಪ್ಪನೆದುರು ನಿಂತಳು. ವಿಷಯ, ಅಮೆರಿಕದ ವ್ಯಾಲಿ ಫೋರ್ಜ್. ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಸೈನ್ಯ ಒಂದು ಚಳಿಗಾಲವಿಡೀ ಬೀಡುಬಿಟ್ಟ ಜಾಗ. ಹೊಟ್ಟೆಗೆ ಸರಿಯಾಗಿ ಊಟವಿಲ್ಲ, ಎಷ್ಟೋ ಜನರ ಕಾಲಿಗೆ ಬೂಟಿಲ್ಲ. ಅಲ್ಲಿ ಯುದ್ಧವೇ ನಡೆಯಲಿಲ್ಲ, ಆದರೂ ರೋಗಕ್ಕೆ ಬಲಿಯಾದವರು ಲೆಕ್ಕವಿಲ್ಲದಷ್ಟು. ಅವರಿಗೆ ಡ್ರಿಲ್ ಕಲಿಸಲು ಯುರೋಪಿನಿಂದ ಒಬ್ಬ ಅಧಿಕಾರಿ ಬಂದ. ಇಂಗ್ಲಿಷ್ ಬರದು. ಬೈಯುವುದಕ್ಕೂ ದುಭಾಷಿ ಬೇಕು! ಮೊದಲು ಒಂದು ಸಣ್ಣ ತುಕಡಿಗೆ ಕಲಿಸಿದ, ಅವರು ಉಳಿದವರಿಗೆ ಕಲಿಸಿದರು. ಬೇಸಿಗೆ ಬರುವಷ್ಟರಲ್ಲಿ ಚಿಂದಿ ಬಟ್ಟೆಯ ಆ ಗುಂಪು ಸೈನ್ಯವಾಗಿತ್ತು.

ಅಧಿಕಾರಿಗೊಂದು ತಲೆನೋವಿತ್ತು. ಅವನೂರಿನಲ್ಲಿ ಮಾಡು ಎಂದರೆ ಸಿಪಾಯಿ ಮಾಡುತ್ತಿದ್ದ. ಈ ಅಮೆರಿಕದವರಿಗೆ ಯಾಕೆ ಮಾಡಬೇಕು ಎಂದೂ ಹೇಳಬೇಕಿತ್ತು. ಹೇಳಿದರೆ ಮಾಡುತ್ತಿದ್ದರು.

ನನ್ನ ಗಂಡ ಕಟ್ಟಡದ ಸೈಟೊಂದರಲ್ಲಿ ಸೇಫ್ಟಿ ಆಫೀಸರ್. ಇದನ್ನು ಕೇಳಿದ್ದೇ ಸೋಫಾದಿಂದ ಎದ್ದೇಬಿಟ್ಟರು. “ಕರೆಕ್ಟ್ ಮಾರಾಯ್ತಿ! ನಮ್ಮ ಸೈಟಲ್ಲೂ ಹಾಗೇ. ಬೆಲ್ಟ್ ಹಾಕು ಅಂತ ಬೊಬ್ಬೆ ಹೊಡೆದ್ರೆ ನನ್ನೆದುರು ಮಾತ್ರ ಹಾಕ್ತಾರೆ. ಯಾಕೆ ಅಂತ ಕೂತು ಹೇಳಿದ್ರೆ ನಾನಿಲ್ಲದಾಗ್ಲೂ ಹಾಕ್ತಾರೆ. ಮನುಷ್ಯನಿಗೆ ರೀಸನ್ ಕೊಡ್ಬೇಕು!”

“ಹಾಗಾದ್ರೆ ಪಪ್ಪಾ, ನಾನು ಯಾಕೆ ಕ್ಯಾಂಪಿಗೆ ಹೋಗ್ಬಾರ್ದು?”

ಆಹಾ! (ನನಗೆ ಒಳಗೊಳಗೇ ಖುಷಿ.)

“ಅಲ್ಲಿ ತುಂಬಾ ಚಳಿ ಉಂಟು.”

“ಸ್ಲೀಪಿಂಗ್ ಬ್ಯಾಗ್ ಕೊಡ್ತಾರೆ.”

“ಚೇಳೆಲ್ಲ ಇರ್ತದೆ.”

“ಅಣ್ಣ ಹೋದಾಗ ಇರ್ಲಿಲ್ವಾ?”

ಗಂಡ ನನ್ನ ಕಡೆ ನೋಡಿದರು. ದೊಡ್ಡವನು ಒಂಬತ್ತರಲ್ಲಿದ್ದಾಗ ಇದೇ ಕ್ಯಾಂಪಿಗೆ ಹೋಗಿದ್ದ. ಬ್ಯಾಗಿಗೆ ಚಕ್ಕುಲಿ ತುಂಬಿಸಿ ಕಳಿಸಿದ್ದು ನಾನೇ. ಚೇಳಿನ ಯೋಚನೆ ಆಗ ನಮ್ಮಿಬ್ಬರಿಗೂ ಬಂದಿರಲಿಲ್ಲ.

“ಅಮ್ಮ, ನೀನಾದ್ರೂ ಹೇಳು.”

ಬಾಯಿ ತೆರೆದೆ. ನಾಲಿಗೆಯ ತುದಿಗೆ ಬಂದ ಕಾರಣವನ್ನು ಅವಳ ಮುಖ ನೋಡಿಕೊಂಡು ಹೇಳಲು ನಾಚಿಕೆಯಾಯಿತು.

ಸ್ಕೂಲ್ ಬಸ್ ಹೊರಡುವುದು ಗುರುವಾರ. ‘ಅವನು ಹುಡುಗ’ ಎನ್ನುವುದನ್ನು ಬಿಟ್ಟು ಬೇರೆ ಕಾರಣ ನಿಮಗೇನಾದರೂ ಗೊತ್ತಿದ್ದರೆ, ಅಷ್ಟರೊಳಗೆ ತಿಳಿಸುತ್ತೀರಾ?