ಭಂಡಾರ ಹತ್ತಿದ ಬೆರಳು

ಇಂದು ಮಗನ ಹಣೆಗೆ ದೇವರ ಭಂಡಾರ ಹಚ್ಚುವಾಗ ಆ ಅರಿಶಿನದ ವಾಸನೆ ನನ್ನನ್ನು ಮೂಡಲಗಿಯ ಹೊರಗಿನ ಬಯಲಿಗೆ ಎಳೆದೊಯ್ದಿತು.

ನಾನು ಚಿಕ್ಕವಳಿದ್ದಾಗ ಪ್ರತಿ ಭಾನುವಾರ ಅಲ್ಲಿ ದೊಡ್ಡವರು ಟೆನಿಸ್ ಬಾಲಿನ ಕ್ರಿಕೆಟ್ ಆಡುತ್ತಿದ್ದರು. ಅಂಪೈರ್ ಆಗಿ ನಿಲ್ಲುತ್ತಿದ್ದವನು ಕುರಿ ಕಾಯುವ ಸಿದ್ದಪ್ಪ ಕಾಕಾ. ಯಾರು ತಕರಾರು ತೆಗೆದರೂ ಕಾಕಾ ದನಿ ಏರಿಸುತ್ತಿರಲಿಲ್ಲ. ಸೊಂಟದ ಭಂಡಾರದ ಚೀಲ ಬಿಚ್ಚಿ, "ಔಟ್ ಆಗಿಲ್ಲಂತ ಭಂಡಾರ ಮುಟ್ಟಿ ಹೇಳ್ರಿ. ಆಡಾಕ ಬಿಡ್ತೇನಿ" ಎನ್ನುತ್ತಿದ್ದ. ದೇವರ ಮೇಲೆ ಸುಳ್ಳು ಆಣೆ ಮಾಡಲು ಹೆದರಿ ಎಂಥವರೂ ಬ್ಯಾಟು ಬಗಲಲ್ಲಿಟ್ಟು ಸುಮ್ಮನೆ ನಡೆದುಬಿಡುತ್ತಿದ್ದರು.

ಒಮ್ಮೆ ಅಪ್ಪ ರನ್ ಓಡುವಾಗ, ಗೆರೆ ಇನ್ನೂ ಒಂದು ಮಾರು ದೂರವಿದ್ದಾಗಲೇ ಸ್ಟಂಪು ಬಿತ್ತು. ಪಕ್ಕದಲ್ಲೇ ನೀರಿನ ಕೊಡ ಇಟ್ಟುಕೊಂಡು ಕೂತಿದ್ದ ನಾನೂ ನೋಡಿದೆ. ಕಾಕಾ ಬೆರಳೆತ್ತಿದ. ಅಪ್ಪ ಜಗಳಕ್ಕೆ ನಿಂತ. ಕಾಕಾ ಚೀಲ ಬಿಚ್ಚಿದ. ಅಪ್ಪ ಭಂಡಾರದಲ್ಲಿ ಬೆರಳೂರಿ, "ನಾ ಔಟ್ ಆಗಿಲ್ಲ" ಎಂದ.

"ಆತು, ಆಡ್ರಿ" ಎಂದ ಕಾಕಾ ಚೀಲವನ್ನು ಹಣೆಗೊತ್ತಿಕೊಂಡು ಮತ್ತೆ ಕಟ್ಟಿದ. ಅಪ್ಪ ಆಡಿ ಗೆದ್ದ. ಮನೆಯಲ್ಲಿ ಅದೇ ಹಳದಿ ಬೆರಳಿನಿಂದ ರೊಟ್ಟಿ ಮುರಿದು ನನ್ನ ತಾಟಿಗೆ ಹಾಕಿದ. ನಾಚಿಕೆಯಿಂದ ಆ ತುಂಡನ್ನು ತಾಟಿನ ಅಂಚಿಗೆ ಸರಿಸಿದೆ.

"ಯವ್ವಾ, ಅಜ್ಜನ್ನ ಔಟ್ ಮಾಡಾಕ ಯಾರಿಗೂ ಆಗತಿರಲಿಲ್ಲಂತ, ಖರೇನ?" ಹಣೆಯೊಡ್ಡಿ ನಿಂತಿದ್ದ ಮಗ ಕೇಳಿದ. ಗೋಡೆಯ ಮೇಲಿನ ಅಪ್ಪನ ಫೋಟೋದತ್ತ ನೋಡದೆ, ಭಂಡಾರ ಹತ್ತಿದ ನನ್ನ ಬೆರಳನ್ನು ಮೊದಲು ಸೆರಗಿಗೆ ಒರೆಸಿಕೊಂಡು, ಆಮೇಲೆ "ಹೂಂ, ಖರೇ" ಎಂದೆ.