ಎಂಟು ದಿನದ ಜಾಮೀನು

ನರೋಣಾ ಬಸ್ ನಿಲ್ದಾಣದ ಎದುರಿಗೆ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಬೋರ್ಡಿನ ಮೇಲೆ 'ಆನ್‌ಲೈನ್ ಸೆಂಟರ್' ಎಂದು ಬರೆಸಿದ್ದೇನೆ. ಅದನ್ನು ಓದಿದವರು ಯಾರೂ ಇಲ್ಲ, ಎಲ್ಲರಿಗೂ ಇದು ಧರ್ಮರಾಜನ ಅಂಗಡಿ. ರೇಷನ್ ಕಾರ್ಡು, ಪಹಣಿ, ಬೆಳೆ ವಿಮೆ, ಏನೇ ಇರಲಿ, ಊರಿನ ಅರ್ಜಿಗಳೆಲ್ಲ ನನ್ನ ಕೈಯಿಂದಲೇ ಹಾಯ್ದು ಹೋಗಬೇಕು. ಇಷ್ಟು ವರ್ಷದಲ್ಲಿ ನಾನು ಕಲಿತದ್ದು ಒಂದೇ. ಅರ್ಜಿ ತುಂಬುವವನಿಗೆ ತಾಳ್ಮೆ ಇರಬಾರದು, ಇದ್ದರೆ ಜನ ಊಟಕ್ಕೂ ಬಿಡುವುದಿಲ್ಲ. ಹಾಗಾಗಿ ನಾನು ಎಲ್ಲರ ಮೇಲೂ ರೇಗುತ್ತೇನೆ. ಖಂಡಪ್ಪ ಕಾಕಾನ ಮುಂದೆ ಮಾತ್ರ ನನ್ನ ಆಟ ನಡೆಯುವುದಿಲ್ಲ, ಅದಕ್ಕಾಗಿ ಅವನ ಮೇಲೆ ಇನ್ನಷ್ಟು ಸಿಟ್ಟು.

ಕಾಕಾನಿಗೆ ಅರವತ್ತೆರಡು. ನಾಲ್ಕು ಎಕರೆ ತೊಗರಿ ಹೊಲ, ಹಣೆ ತುಂಬ ವಿಭೂತಿ, ಹೆಗಲ ಮೇಲೆ ಬಿಳಿ ಟಾವೆಲ್ಲು. ಮದುವೆ ಆಗಲಿಲ್ಲ. ಯಾಕೆಂದು ಕೇಳಿದರೆ, "ಊರಿಗೆಲ್ಲ ನಾ ಜಾಮೀನ ಆದೆ, ನನಗ ಜಾಮೀನ ಆಗವರು ಯಾರೂ ಸಿಗಲಿಲ್ಲ" ಎಂದು ನಗುತ್ತಾನೆ. ಮಾತು ಸುಳ್ಳಲ್ಲ. ಮಾರುವ ಎತ್ತು ಹಾಯುವುದಿಲ್ಲ ಎನ್ನುವುದಕ್ಕೆ ಅವನೇ ಜಾಮೀನು, ವರ ಕುಡಿಯುವುದಿಲ್ಲ ಎನ್ನುವುದಕ್ಕೂ ಅವನೇ ಜಾಮೀನು. ಎತ್ತುಗಳು ಅವನ ಮಾತು ಉಳಿಸಿದಷ್ಟು ವರಗಳು ಉಳಿಸಿಲ್ಲ, ಆ ಮಾತು ಬೇರೆ.

ಎಲ್ಲಕ್ಕಿಂತ ದೊಡ್ಡದು ನಾಗರ ಪಂಚಮಿಯ ಜಾಮೀನು. ನಮ್ಮ ಕಡೆ ಮದುವೆ ಮಾಡಿ ಕೊಟ್ಟ ಹೆಣ್ಣುಮಕ್ಕಳು ಪಂಚಮಿಗೆ ತವರಿಗೆ ಬರಬೇಕು, ಆದರೆ ತಾವಾಗಿ ಬರುವಂತಿಲ್ಲ. ತವರಿನ ಗಂಡಸೊಬ್ಬ ಹೋಗಿ ಕರೆದು ತರಬೇಕು. ಕರೆಯಲು ಯಾರೂ ಬಾರದಿದ್ದರೆ ಓಣಿಯವರು 'ತವರಿಲ್ಲದಾಕಿ' ಎಂದುಬಿಡುತ್ತಾರೆ. ಅಣ್ಣತಮ್ಮಂದಿರು ಪುಣೆ, ಮುಂಬಯಿಗೆ ದುಡಿಯಲು ಹೋದ ಮನೆಗಳ ಪರವಾಗಿ ಖಂಡಪ್ಪ ಕಾಕಾನೇ ಹೋಗುತ್ತಾನೆ. ಕಿಣ್ಣಿ ಸುಲ್ತಾನದಿಂದ ಒಬ್ಬಳು, ಅಫಜಲಪುರದಿಂದ ಇಬ್ಬರು, ಜೇವರ್ಗಿ ಕಡೆಯಿಂದ ಮೂವರು, ಹೀಗೆ ಆ ವಾರವೆಲ್ಲ ಅವನ ಸಂಸಾರ ಬಸ್ಸಿನಲ್ಲೇ.

ಬೀಗತಿಯರನ್ನು ಒಲಿಸುವುದಕ್ಕೆ ಅವನದೊಂದು ಕ್ರಮವಿದೆ. ಹೋದ ಕೂಡಲೇ ವಿಷಯ ಎತ್ತಬಾರದು. ಮೊದಲು ಚಹಾ ಕುಡಿಯಬೇಕು, ಆಮೇಲೆ ಅವರ ಎತ್ತು ಹೊಗಳಬೇಕು. ಆಮೇಲೆ ಅತ್ತೆಯ ಮೊಣಕಾಲು ನೋವು ವಿಚಾರಿಸಬೇಕು. ಮೊಣಕಾಲು ಗಟ್ಟಿ ಇದ್ದರೆ ಸೊಂಟ. ಎಲೆ ಅಡಿಕೆ ಬಾಯಿಗೆ ಬಿದ್ದ ಮೇಲೆ ನಿಧಾನಕ್ಕೆ, "ಮತ್ತ, ಹುಡುಗಿನ್ನ ಒಂದೆಂಟ ದಿನ ಕರ್ಕೊಂಡ್ ಹೋಗ್ಬೇಕಂತ ಬಂದೀನ್ರಿ" ಎನ್ನಬೇಕು.

"ವಾಪಸ್ ಯಾವಾಗ?"

"ಎಂಟನೇ ದಿನ ನಿಮ್ಮ ಕಟ್ಟಿ ಮ್ಯಾಲ ಇರ್ತಾಳ್ರಿ. ನಾ ಜಾಮೀನ."

ಎಂದವನೇ ಟಾವೆಲ್ಲಿನ ತುದಿಗೆ ಒಂದು ಗಂಟು ಹಾಕುತ್ತಾನೆ. ಹುಡುಗಿಯನ್ನು ವಾಪಸು ಬಿಟ್ಟು ಬಂದ ದಿನ ಬಿಚ್ಚುತ್ತಾನೆ.

ಬಿಚ್ಚದೆ ಉಳಿದದ್ದು ಒಂದೇ ಗಂಟು. ಅದು ಅವನ ಸ್ವಂತ ತಂಗಿ ರೇವಮ್ಮನದು. ಅವಳನ್ನು ಭೀಮಾ ದಂಡೆಯ ಒಂದು ಊರಿಗೆ ಕೊಟ್ಟಿದ್ದರು. ಇಪ್ಪತ್ತು ವರ್ಷದ ಹಿಂದೆ ಪಂಚಮಿಗೆ ಎಂಟು ದಿನ ಎಂದು ಹೇಳಿ ಕರೆತಂದ. ಜೋಕಾಲಿ ಆಡುವಾಗ ಸೆರಗು ಸರಿದು ಬೆನ್ನಿನ ಬಾಸುಂಡೆ ಕಂಡವು. ಎಂಟನೇ ದಿನ ಕಳಿಸಲಿಲ್ಲ, ಒಂಬತ್ತನೇ ದಿನವೂ ಕಳಿಸಲಿಲ್ಲ. ಆ ಎಂಟು ದಿನ ಇನ್ನೂ ಮುಗಿದಿಲ್ಲ. ಮಾಡಿದ್ದು ಸರಿ ಎಂದು ಊರೇ ಹೇಳುತ್ತದೆ, ಅವನಿಗೂ ಗೊತ್ತು. ಆದರೂ ಆ ಊರಿನ ಬಸ್ಸು ಎದುರು ಬಂದರೆ ಮುಖ ಆಚೆ ತಿರುಗಿಸುತ್ತಾನೆ, ಮಾತು ತಪ್ಪಿದವನ ಹಾಗೆ.

ಅಂದು ರೇವಮ್ಮನ ಸೊಂಟದ ಮೇಲಿದ್ದ ಎರಡು ವರ್ಷದ ಕೂಸೇ ಶಿವಗಂಗಾ. ಈಗ ಕಲಬುರಗಿಯಲ್ಲಿ ಸಸ್ಯಶಾಸ್ತ್ರದ ಎಮ್ಮೆಸ್ಸಿ ಓದುತ್ತಿದ್ದಾಳೆ. ಹೋದ ವರ್ಷ ಅವಳ ವಿಶ್ವವಿದ್ಯಾಲಯದಿಂದ ಇಬ್ಬರನ್ನು ಐದು ತಿಂಗಳ ಓದಿಗೆ ಪೋಲಂಡ್ ದೇಶಕ್ಕೆ ಆರಿಸಿದರು, ಅದರಲ್ಲಿ ಇವಳೊಬ್ಬಳು. ಖರ್ಚೆಲ್ಲ ಅಲ್ಲಿನವರದೇ. ಇನ್ನು ಉಳಿದದ್ದು ವೀಸಾ. ವೀಸಾ ಎಂದರೆ ಅರ್ಜಿ, ಅರ್ಜಿ ಎಂದರೆ ನಾನು. ಮಾವ, ಸೊಸೆ ಇಬ್ಬರೂ ಬಂದು ನನ್ನ ಬೆಂಚಿನ ಮೇಲೆ ಕುಳಿತರು.

"ಇಲ್ಲಿ ನೋಡು ಕಾಕಾ," ಎಂದೆ, "ಓದು ಮುಗದ ಮ್ಯಾಲ ಹುಡುಗಿ ವಾಪಸ್ ಊರಿಗಿ ಬರ್ತಾಳ ಅನ್ನೂದಕ್ಕ ಪುರಾವೆ ಬೇಕಂತ. ಅದು ಸರಿ ಅನಸಲಿಲ್ಲ ಅಂದ್ರ ವೀಸಾ ಇಲ್ಲ."

ಶಿವಗಂಗಾಳ ಮುಖ ಬಾಡಿತು, ಕಾಕಾನ ಮುಖ ಅರಳಿತು.

"ವಾಪಸ್ ಯಾವಾಗ ಅಂತ ಕೇಳಾಕತ್ತಾರಂದ್ರ ಅವರು ಬೀಗತಿ ಅಲ್ಲೇನಲೇ!"

"ಬೀಗತಿ ಅಲ್ಲ, ಎಂಬಸಿ."

"ಎರಡೂ ಒಂದ. ಬರಿ, ಖಂಡಪ್ಪ ಜಾಮೀನ ಅಂತ."

ಹೊಲದ ಪಹಣಿ, ವಿಶ್ವವಿದ್ಯಾಲಯದ ಪತ್ರ ಇಷ್ಟಿದ್ದರೆ ಸಾಕು ಎಂದು ಗಂಟಲು ಹರಿಯುವಂತೆ ಹೇಳಿದೆ. ಯಾರಿಗೆ ಬೇಕು ನನ್ನ ಮಾತು! ಮರುದಿನ ಬಾಂಡ್ ಪೇಪರ್ ಹಿಡಿದು ಅರ್ಧ ಓಣಿಯನ್ನೇ ಕರೆದುಕೊಂಡು ಬಂದ. ನಾನು ಹಲ್ಲು ಕಚ್ಚಿಕೊಂಡು ಟೈಪ್ ಮಾಡಿದೆ: 'ಸದರಿ ಶಿವಗಂಗಾ ಇವಳು ಒಯ್ದದ್ದನ್ನು ವಾಪಸು ತರುವ ಸ್ವಭಾವದವಳಿದ್ದು, ಪ್ಯಾರಿಬಿ ಇವರ ಮನೆಯ ಜರಡಿಯನ್ನು ಪ್ರತಿ ಸಲವೂ ಅದೇ ದಿನ ಮರಳಿಸಿರುತ್ತಾಳೆ.' ಪ್ಯಾರಿಬಿ ಹೆಬ್ಬೆಟ್ಟು ಒತ್ತಿದಳು. ಮುಂದಿನ ಸರದಿಗೆ ಚಮನಬಿ ನಿಂತಿದ್ದಳು.

"ಕತ್ತರಿ ಒಯ್ದಿದ್ಳು, ತಂದ್ಕೊಟ್ಟಾಳ ಖರೆ. ಆದ್ರ ಮೊಂಡ ಮಾಡ್ಯಾಳ. ಅದನೂ ಬರಿ."

"ಮೊಂಡ ಆದ್ರೂ ಬಂತಿಲ್ಲ?" ಎಂದ ಕಾಕಾ. "ಬರೂದು ಮುಖ್ಯ. ಹೊಡಿ ಧರ್ಮಾ, ಅದನೂ ಹೊಡಿ."

"ಅವರಿಗಿ ಕನ್ನಡ ಬರಂಗಿಲ್ಲ ಕಾಕಾ. ಯಾರ ಓದ್ತಾರ ಇದನ್ನ?"

"ಹೆಬ್ಬಟ್ಟ ಎಲ್ಲಾ ದೇಶದವರಿಗೂ ಓದಾಕ ಬರ್ತದ" ಎಂದು ನನ್ನ ಬಾಯಿ ಮುಚ್ಚಿಸಿದ.

ವೀಸಾ ಕಚೇರಿ ಇದ್ದದ್ದು ಹೈದರಾಬಾದಿನಲ್ಲಿ. ಕಾಗದಗಳ ಫೈಲು ಹಿಡಿದು ನಾನೂ ಹೋದೆ. ಕಾಕಾ ಬೀಗರ ಮನೆಗೆ ಹೊರಟಂತೆ ಒಂದು ಡಬ್ಬಿ ಶೇಂಗಾ ಉಂಡಿ ಕಟ್ಟಿಸಿಕೊಂಡಿದ್ದ. ಬಸ್ಸಿನುದ್ದಕ್ಕೂ ಸೊಸೆಗೆ ಪಾಠ.

"ಕುಂತ ಕೂಡ್ಲೇ ವೀಸಾ ಕೇಳಬ್ಯಾಡ. ಮೊದಲ ಮೊಣಕಾಲ ವಿಚಾರಸು."

"ಮಾಮಾ, ಅವರು ಗಾಜಿನ ಹಿಂದ ಕುಂತಿರ್ತಾರ. ಮೊಣಕಾಲ ಕಾಣಂಗಿಲ್ಲ."

"ಹಂಗಾರ ಕುತ್ತಿಗಿ ವಿಚಾರಸು."

ಕಚೇರಿಯ ಗೇಟಿನಲ್ಲಿ ಅರ್ಜಿದಾರರಿಗೆ ಮಾತ್ರ ಪ್ರವೇಶ. ಶಿವಗಂಗಾ ಫೈಲು ಹಿಡಿದು ಒಳಗೆ ಹೋದಳು, ನಾವಿಬ್ಬರೂ ಹೊರಗೆ ಉಳಿದೆವು. ಗೇಟಿಗೆ ಸಮವಸ್ತ್ರ ಹಾಕಿದ ಕಾವಲುಗಾರನೊಬ್ಬ ನಿಂತಿದ್ದ. ಸಮವಸ್ತ್ರ ನೋಡಿದ್ದೇ ತಡ, ವಿಚಾರಣೆ ಇಲ್ಲಿಂದಲೇ ಶುರು ಎಂದು ಕಾಕಾ ತೀರ್ಮಾನಿಸಿಬಿಟ್ಟ. "ಶರಣ್ರೀ ಸಾಹೇಬ್ರ" ಎಂದು ಉಂಡಿ ಡಬ್ಬಿ ತೆಗೆದ.

"ಯಾವೂರ್ರಿ ನಿಮ್ದು?" ಎಂದು ಆ ಮನುಷ್ಯ ಅಚ್ಚ ನಮ್ಮ ಮಾತಿನಲ್ಲೇ ಕೇಳಿದ. ಹೆಸರು ಬುರಾನುದ್ದೀನ, ಹುಟ್ಟಿದ್ದು ಆಳಂದದಲ್ಲಿ! ಉಂಡಿ ಬಾಯಿಗೆ ಹಾಕಿಕೊಂಡು, ಕಾಕಾ ಜೇಬಿನಿಂದ ತೆಗೆದು ಕೊಟ್ಟ ಬಾಂಡ್ ಪೇಪರ್ ಬಿಚ್ಚಿ ಓದತೊಡಗಿದ. ಇಡೀ ಜಗತ್ತಿನಲ್ಲಿ ಅದನ್ನು ಪೂರ್ತಿ ಓದಿದವನು ಅವನೊಬ್ಬನೇ. ಜರಡಿಯವರೆಗೆ ತಡೆದುಕೊಂಡ, ಕತ್ತರಿ ಬಂದಾಗ ಬಿದ್ದು ಬಿದ್ದು ನಕ್ಕ. ಆಮೇಲೆ ಹೊತ್ತು ಹೋಗಲೆಂದು ಕೇಳಿದ, "ಕಾಕಾ, ಇಲ್ಲೀತನಕ ಎಷ್ಟ ಹೆಣ್ಣಮಕ್ಕಳಿಗಿ ಜಾಮೀನ ಆಗೀರಿ?"

"ನೂರರ ಮ್ಯಾಲ ಆಗ್ತಾವ್ರಿ."

"ಒಬ್ಬಾಕೀನೂ ವಾಪಸ್ ಹೋಗೂದು ತಪ್ಪಿಸಿಲ್ಲ?"

ನಾನು ಕಾಕಾನ ಕಾಲು ತುಳಿದೆ. 'ಇಲ್ಲ' ಎಂದರೆ ಮಾತು ಅಲ್ಲಿಗೇ ಮುಗಿಯಿತು! ಈ ಮನುಷ್ಯನೋ ನನ್ನ ಕಡೆ ತಿರುಗಿ, "ಕಾಲ ಯಾಕ ತುಳೀತಿಲೇ?" ಎಂದ. ಆಮೇಲೆ ತಲೆ ತಗ್ಗಿಸಿ ಹೇಳಿದ, "ಒಬ್ಬಾಕಿ ತಪ್ಯಾಳ್ರಿ. ಈಗ ಒಳಗ ಹೋದ್ಳಲ್ಲ, ಆ ಹುಡುಗಿ ಅವ್ವ. ಎಂಟ ದಿನ ಅಂತ ತಂದೆ. ಕಳಸಾಕ ಮನಸ್ ಬರಲಿಲ್ಲ." ಬೆನ್ನ ಮೇಲಿನ ಬಾಸುಂಡೆಯ ಮಾತೂ ಹೇಳಿದ.

ಬುರಾನುದ್ದೀನ ಅಗಿಯುವುದನ್ನು ನಿಲ್ಲಿಸಿದ. "ಅದು ತಪ್ಪಲ್ಲ ಕಾಕಾ" ಎಂದು ತನ್ನ ಕುರ್ಚಿಯನ್ನೇ ತಂದು ಅವನನ್ನು ಕೂರಿಸಿದ. ಕಾಕಾ ಕುಳಿತ, ಆದರೆ ಮುಖದ ಮೇಲಿನ ಕಳೆ ಹೋಗಿತ್ತು.

ಶಿವಗಂಗಾ ಕೆಂಪಗಾಗಿ ಹೊರಗೆ ಬಂದಳು. "ಮಾಮಾ, ನಿನ್ನ ಸಂಬಂಧ ನನ್ನ ಮಾನ ಹೋತು! ಅವರ ಮುಂದ ಕುಂತ ಕೂಡ್ಲೇ, ಮ್ಯಾಡಂ ನಿಮ್ಮ ಕುತ್ತಿಗಿ ಹೆಂಗದ ಅಂತ ಬಾಯಿಗಿ ಬಂದ್ಬಿಡ್ತು."

"ಅವರೇನಂದ್ರು?" ಎಂದೆ.

"ಆರ ತಿಂಗಳಿಂದ ನೋವಂತ. ಐದ ನಿಮಿಷ ಅದನ್ನ ಹೇಳಿದ್ರು. ಆಮ್ಯಾಲ ಕಾಗದ ತಗೊಂಡ್ರು."

ಬೇರೆ ದಿನವಾಗಿದ್ದರೆ ಕಾಕಾ ಇದನ್ನು ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದ. ಅಂದು ಉಂಡಿ ಡಬ್ಬಿ ಮುಚ್ಚಿ ಬಸ್ಸಿನ ಕಡೆ ನಡೆದ.

ಆಮೇಲಿನ ಮೂರು ವಾರ ನನ್ನ ಬೆಂಚಿಗೆ ಅವನೇ ಒಡೆಯ. ಬೆಳಿಗ್ಗೆ ಬಂದು "ಬಂತೇನು?" ಎನ್ನುವುದು, ಇಲ್ಲ ಎಂದರೆ ಉಸಿರು ಬಿಡುವುದು. "ನನ್ನ ಬಾಯಾನ ಮಾತಿನಿಂದ ಹುಡುಗಿ ನಸೀಬ ಕೆಡ್ತು ಧರ್ಮಾ. ಆ ಸಾಹೇಬ ರಿಪೋರ್ಟ್ ಬರದಿರ್ತಾನ." ಕಾವಲುಗಾರ ರಿಪೋರ್ಟ್ ಬರೆಯುವುದಿಲ್ಲ ಎಂದು ನಾನು ಇಪ್ಪತ್ತು ಸಲ ಕೂಗಾಡಿದೆ. ಕೊನೆಗೆ ಅವನು ಊಟ ಬಿಟ್ಟಾಗ ರೇವಮ್ಮ ಅಂಗಡಿಗೇ ಬಂದಳು. ವಿಷಯವೆಲ್ಲ ನನ್ನಿಂದ ಕೇಳಿಕೊಂಡು ಅಣ್ಣನ ಎದುರು ನಿಂತಳು.

"ಅಣ್ಣಾ, ಅವತ್ತ ನೀ ಮಾತ ಉಳಿಸ್ಕೊಂಡಿದ್ರ ಇವತ್ತ ನಾ ಇರ್ತಿದ್ದಿಲ್ಲ. ಈಕಿ ಓದ್ತಿದ್ದಿಲ್ಲ. ವೀಸಾ ಬರ್ಲಿ ಬಿಡ್ಲಿ, ಆ ಮಾತಿಗಿ ಇನ್ನೊಮ್ಮಿ ತಲಿ ತಗ್ಗಿಸಿದ್ರ ನನ್ನ ಮ್ಯಾಲ ಆಣಿ. ಏಳು, ರೊಟ್ಟಿ ತಣ್ಣಗಾಗಾಕತ್ತಾವ."

ಗಿರಾಕಿಗಳ ಮುಂದೆ ಅಳಬಾರದೆಂದು ಝೆರಾಕ್ಸ್ ಮಶೀನಿನ ಮೇಲೆ ರೇಗಿದೆ.

ಅದಾದ ನಾಲ್ಕನೇ ದಿನ ವೀಸಾ ಬಂತು. ಫೆಬ್ರುವರಿಯ ಒಂದು ಮಧ್ಯಾಹ್ನ ಶಿವಗಂಗಾ ಎಂಬತ್ತು ಒಣ ಕಟಿ ರೊಟ್ಟಿ, ಎರಡು ಡಬ್ಬಿ ಶೇಂಗಾ ಚಟ್ನಿಪುಡಿ ಸಮೇತ ಬಸ್ ನಿಲ್ದಾಣಕ್ಕೆ ಬಂದಳು. ಪ್ಯಾರಿಬಿ ಚಳಿಗೆಂದು ತಲೆಗೊಂದು ಕುಲಾಯಿ ಹೆಣೆದು ತಂದಿದ್ದಳು. ಕಾಕಾ ಟಾವೆಲ್ಲಿನ ತುದಿಗೆ ಗಂಟು ಹಾಕಿದ.

"ಎಷ್ಟ ದಿನಕ್ಕ ಮಾಮಾ?"

"ಐದ ತಿಂಗಳ."

"ಅಷ್ಟೊತ್ತಿಗಿ ಪಂಚಮಿ ಬಂದಿರ್ತದ. ನೀನ ಬಂದು ಕರದ್ರ ಬರ್ತೀನಿ ನೋಡು, ಇಲ್ಲಂದ್ರ ಇಲ್ಲ" ಎಂದು ನಗುತ್ತ ಬಸ್ಸು ಹತ್ತಿದಳು.

ಅವಳು ನಕ್ಕಳು. ಇವನು ನಗಲಿಲ್ಲ. ಮೂರನೇ ದಿನ ಆಧಾರ್ ಕಾರ್ಡು ಹಿಡಿದು ನನ್ನ ಮುಂದೆ ನಿಂತ.

"ಪಾಸ್‌ಪೋರ್ಟ್ ಮಾಡು."

"ಯಾರಿಗಿ?"

"ನನಗ. ಹುಡುಗಿನ್ನ ಕರಿಯಾಕ ಹೋಗಬೇಕು."

ನನ್ನ ತಲೆ ಕೆಟ್ಟಿತು. "ಕಾಕಾ, ಆಕಿ ವಾಪಸ್ ಟಿಕೇಟ್ ಆಗಲೇ ಆಗ್ಯದ! ಆಕಿ ತಾನ ಬರ್ತಾಳ."

"ಟಿಕೇಟ್ ಇದ್ರೇನಾತು? ಒಬ್ಬಾಕೀನ ಹೊಂಟ್ರ ಅಲ್ಲಿ ಮಂದಿ ಏನಂತಾರ? ಈ ಹುಡುಗಿಗಿ ತವರ ಇಲ್ಲ ಅಂತಾರ. ಅಪ್ಪ ಅಂತೂ ಇಲ್ಲ. ತವರಾದ್ರೂ ಇರಲಿ."

ಏನು ಹೇಳಲಿ ಇದಕ್ಕೆ? ಆದರೂ ಕೊನೆಯ ಅಸ್ತ್ರ ಬಿಟ್ಟೆ. "ಪಾಸ್‌ಪೋರ್ಟ್ ಆದ್ರ ಸಾಲದು. ಪೊಲೀಸರು ಬರ್ತಾರ, ಇಂವ ಎಂಥಾ ಮನುಷ್ಯ ಅಂತ ಇಬ್ಬರು ಸಾಕ್ಷಿ ಕೇಳ್ತಾರ. ಆಮ್ಯಾಲ ನಿನಗೂ ವೀಸಾ. ನೀ ವಾಪಸ್ ಬರ್ತಿ ಅನ್ನೂದಕ್ಕ ಯಾರ ಜಾಮೀನ?"

ಖಂಡಪ್ಪ ಕಾಕಾ ಟಾವೆಲ್ಲಿನ ಗಂಟು ಮುಟ್ಟಿ ನೋಡಿಕೊಂಡ. ಬೆಂಚಿನ ಮೇಲೆ ಮೆಲ್ಲಗೆ ಕುಳಿತ. ನನಗೇ ಕೆಟ್ಟೆನಿಸಿತು. ಬಾಯಿ ಮುಚ್ಚಿಕೊಂಡು ಅರ್ಜಿ ತುಂಬಿದೆ.

ವಿಚಾರಣೆಯ ದಿನ ಕಾನ್‌ಸ್ಟೇಬಲ್ ಜಗದೇವಪ್ಪ ನೇರ ನನ್ನ ಅಂಗಡಿಗೇ ಬಂದ. ಬಂದವನು ಬಾಗಿಲಲ್ಲೇ ನಿಂತುಬಿಟ್ಟ, ಒಳಗೆ ಕಾಲಿಡಲು ಜಾಗ ಇರಲಿಲ್ಲ. ಕಿಣ್ಣಿ ಸುಲ್ತಾನದಾಕೆ, ಅಫಜಲಪುರದ ಇಬ್ಬರು, ಜೇವರ್ಗಿ ಕಡೆಯ ಮೂವರು, ಇನ್ನೂ ನನಗೆ ಗುರುತಿಲ್ಲದ ಐದಾರು ಹೆಣ್ಣುಮಕ್ಕಳು ಆಧಾರ್ ಕಾರ್ಡು ಹಿಡಿದು ನಿಂತಿದ್ದರು. ರೇವಮ್ಮ ಎಲ್ಲರಿಗೂ ಫೋನ್ ಮಾಡಿದ್ದಳಂತೆ. ಕರೆಯಲು ಯಾರೂ ಹೋಗಿರಲಿಲ್ಲ, ಎಲ್ಲರೂ ತಾವಾಗಿಯೇ ಬಂದಿದ್ದರು. ಒಬ್ಬ ಬೀಗತಿಯಂತೂ ಕೋಲೂರಿಕೊಂಡು ಬಂದಿದ್ದಳು. "ನನ್ನ ಮೊಣಕಾಲ ವಿಚಾರಸವ ಭೂಮಿ ಮ್ಯಾಲ ಇವನೊಬ್ಬನ ಐದಾನ್ರಿ" ಎಂದು ಜಗದೇವಪ್ಪನ ಕೈ ಹಿಡಿದುಕೊಂಡಳು.

"ಇಬ್ಬರು ಸಾಕವ್ವಾ!" ಎಂದು ಜಗದೇವಪ್ಪ ಬೇಡಿಕೊಂಡ. ಆಮೇಲೆ ನಗುತ್ತ ಕಾಕಾನ ಕಡೆ ನೋಡಿದ. "ಅಲ್ರೀ, ಅಷ್ಟ ದೂರ ಹೋದವರು ವಾಪಸ್ ಬರ್ತಾರೋ ಇಲ್ಲೋ?"

ಕಾಕಾ ಬಾಯಿ ತೆರೆಯುವ ಮೊದಲೇ ರೇವಮ್ಮ ಎಲ್ಲರನ್ನೂ ಸರಿಸಿ ಮುಂದೆ ಬಂದಳು.

"ಬರ್ತಾನ್ರಿ. ನನ್ನ ಮಗಳನ್ನ ಕರ್ಕೊಂಡು ಬರ್ತಾನ. ನಾ ಜಾಮೀನ" ಎಂದು ತನ್ನ ಸೆರಗಿನ ತುದಿಗೆ ಬಿಗಿಯಾಗಿ ಒಂದು ಗಂಟು ಹಾಕಿದಳು.

ಕಾಕಾ ಟಾವೆಲ್ಲಿನಿಂದ ಮುಖ ಮುಚ್ಚಿಕೊಳ್ಳಲು ಹೋದ. ಶಿವಗಂಗಾಳ ಗಂಟು ಸರಿಯಾಗಿ ಕಣ್ಣಿಗೇ ಬಡಿಯಿತು. "ಅಯ್ಯಯ್ಯೋ, ಕಣ್ಣ ಹೋತಲೇ!" ಎಂದು ಕೂಗಿದ, ನೀರು ಧಾರಾಕಾರ. ಗಂಟು ತಾಗಿ ಬಂದ ನೀರು ಎಂದು ಅವನು ಇವತ್ತಿಗೂ ಹೇಳುತ್ತಾನೆ. ಆಗಲಿ ಎಂದು ನಾನೂ ಒಪ್ಪಿಕೊಂಡೆ, ರೇವಮ್ಮನ ಹೆಸರಿನ ಕೆಳಗೆ ಎರಡನೇ ಸಾಕ್ಷಿಯಾಗಿ ಸಹಿ ಹಾಕಿದೆ.