ಇಳಿಸಿದ ಕಾರು, ಅತ್ತೆಯ ಸೀಟು

ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿರುವ ನನ್ನ ಸೋದರಮಾವನ ಬಳಿ ಎಪ್ಪತ್ತರ ದಶಕದ ಬ್ರಿಟಿಷ್ ಸ್ಪೋರ್ಟ್ಸ್ ಕಾರೊಂದಿದೆ. ಎರಡೇ ಸೀಟು: ಒಂದು ಮಾವನದು, ಇನ್ನೊಂದು ಅತ್ತೆಯದು. ಭಾನುವಾರ ಬೆಳಿಗ್ಗೆ ಇಬ್ಬರೂ ಅದರಲ್ಲಿ ಮಾಮಕ್ ಎಂಬ ತಮಿಳು ಮುಸ್ಲಿಮರ ತಿಂಡಿ ಅಂಗಡಿಗೆ ಹೋಗಿ ಪರೋಟದಂಥ ರೋಟಿ ಚನಾಯ್ ತಿಂದು ಬರುತ್ತಿದ್ದರು.

ಕಳೆದ ವರ್ಷ ನಾನು ಅವರ ಮನೆಯಲ್ಲಿದ್ದಾಗ ಮಾವ ಅದರ ಎತ್ತರದ ಬಗ್ಗೆ ತಲೆ ಕೆಡಿಸಿಕೊಂಡರು. ಆ ಮಾದರಿಯ ಮೊದಲ ಕಾರುಗಳು ನೆಲಕ್ಕೆ ಅಂಟಿದಂತೆ ಓಡುತ್ತಿದ್ದವಂತೆ. ಆಮೇಲೆ ಅವು ಹೆಚ್ಚಾಗಿ ಮಾರಾಟವಾಗುತ್ತಿದ್ದ ಅಮೆರಿಕದಲ್ಲಿ ಸುರಕ್ಷತಾ ನಿಯಮ ಬಂತು: ಬಂಪರ್ ಇಂತಿಷ್ಟು ಎತ್ತರದಲ್ಲಿರಬೇಕು, ಸಣ್ಣಪುಟ್ಟ ಗುದ್ದು ತಾಳಬೇಕು. ಕಾರನ್ನು ಹೊಸದಾಗಿ ರೂಪಿಸುವ ಖರ್ಚು ಯಾರಿಗೆ ಬೇಕು? ತಯಾರಕರು ದಪ್ಪ ರಬ್ಬರ್ ಬಂಪರ್ ತೊಡಿಸಿ ಇಡೀ ಕಾರನ್ನೇ ಮೇಲೆತ್ತಿಬಿಟ್ಟರು. ತಿರುವಿನಲ್ಲಿ ಅದು ವಾಲತೊಡಗಿತು. ಮಾವನದೂ ಹಾಗೆ ಮೇಲೆತ್ತಿದ ಕಾರೇ.

"ಎತ್ತರ ಇಳಿಸ್ಲಾ, ಬೇಡ್ವಾ?" ಎಂದು ಮಾವ ಊಟಕ್ಕೆ ಕೂತಾಗ ಕೇಳಿದರು.

ನನಗೆ ಕಾರಿನ ಹುಚ್ಚಿಲ್ಲ, ಇರುವುದು ವಾದದ ಹುಚ್ಚು. ಚರ್ಚಾಸ್ಪರ್ಧೆಗಳಲ್ಲಿ ನಾಣ್ಯ ಚಿಮ್ಮಿದಾಗ ಸಿಕ್ಕ ಪಕ್ಷವನ್ನೇ ಸಮರ್ಥಿಸಿ ಗೆದ್ದವನು. ಅವತ್ತು 'ಇಳಿಸಬೇಕು' ಅನ್ನುವ ಪಕ್ಷ ಹಿಡಿದೆ.

"ಅದು ಅಮೆರಿಕದ ರೂಲು ಮಾವ. ನೀವಿರೋದು ಮಲೇಷ್ಯಾದಲ್ಲಿ. ತಿರುವಿನಲ್ಲಿ ವಾಲೋ ಹಾಗೆ ಮಾಡೋದು ಎಂಥ ಸೇಫ್ಟಿ? ಆ ಎತ್ತರದಿಂದ ಒಬ್ಬರಿಗಾದ್ರೂ ಉಪಯೋಗ ಆಗಿದ್ಯಾ, ಹೇಳಿ?"

"ಆಯ್ತು ಲಾ, ಲಾಯರ್ ಸಾಹೇಬ್ರೆ, ಮೊದ್ಲು ಊಟ ಮಾಡಿ," ಎಂದು ಅಲ್ಲಿಯವರ 'ಲಾ' ಸೇರಿಸಿ ಹೇಳುತ್ತಾ ಅತ್ತೆ ಸಾರು ಬಡಿಸಿದರು. ಅವರ ಅಭಿಪ್ರಾಯ ಯಾರೂ ಕೇಳಲಿಲ್ಲ.

ಮಾವ ಸ್ಪ್ರಿಂಗ್ ಬದಲಾಯಿಸಿ ಕಾರು ಇಳಿಸಿದರು. ಮುಂದಿನ ಭಾನುವಾರ ಅವರು ಒಳಗೆ ಕೀಲಿ ಹುಡುಕುತ್ತಿದ್ದಾಗ ಅತ್ತೆ ಕಾರಿನ ಬಾಗಿಲು ತೆರೆದರು. ಕೂರಲು ಬಗ್ಗಿ ಅರ್ಧಕ್ಕೇ ನಿಂತರು. ಮಂಡಿ ಹಿಡಿದುಕೊಂಡು ಎದ್ದು ಮತ್ತೆ ಪ್ರಯತ್ನಿಸಿದರು. ಆಗಲಿಲ್ಲ. ನಾನು ನೋಡುತ್ತಿದ್ದೆ.

"ಮಾವಂಗೆ ಹೇಳ್ಬೇಡ ಕಣೋ. ಎಷ್ಟು ಖುಷಿಯಾಗಿದ್ದಾರೆ ನೋಡು."

ಮಾವ ಬಂದಾಗ ಬೇರೆಯೇ ರಾಗ: "ಯಾಕೋ ಆಚೆ ಬರೋಕೆ ಬೇಜಾರು ರೀ. ಇವನನ್ನ ಕರ್ಕೊಂಡು ಹೋಗಿ, ನಂಗೆ ತಪಾವ್ ಮಾಡಿಸಿ, ಪೊಟ್ಟಣ ಕಟ್ಟಿಸ್ಕೊಂಡು ಬನ್ನಿ."

ಹೀಗೆ ಅತ್ತೆಯ ಸೀಟು ನನ್ನದಾಯಿತು. ಎಷ್ಟೋ ಭಾನುವಾರ ಅದರಲ್ಲಿ ಮುಳ್ಳಿನ ಮೇಲೆ ಕೂತ ಹಾಗೆ ಕೂತೆ. ತಿರುವಿನಲ್ಲಿ ಮಾವ ಹುಡುಗರಂತೆ ನಗುತ್ತಿದ್ದರು. ಕಾರು ಸ್ವಲ್ಪವೂ ವಾಲುತ್ತಿರಲಿಲ್ಲ. ನನ್ನ ವಾದದಲ್ಲಿ ತಪ್ಪೇನೂ ಇರಲಿಲ್ಲ. ಆ ಎತ್ತರ ಅತ್ತೆಗೆ ಉಪಯೋಗವಾಗಿತ್ತು, ಅಷ್ಟೇ.

ಒಂದು ದಿನ ಮಾಮಕ್‌ನಲ್ಲಿ ಚಹಾ ಕುಡಿಯುತ್ತಾ ಮಾವ ಕೇಳಿದರು: "ನಿಮ್ಮತ್ತೆಗೆ ನನ್ಮೇಲೆ ಕೋಪಾನಾ? ಈಗೀಗ ಬರೋದೇ ಇಲ್ಲ."

ತಡೆಯಲಾಗದೆ ಹೇಳಿಬಿಟ್ಟೆ.

ಮನೆಗೆ ಬಂದು ಮಾವ ಪೊಟ್ಟಣ ಕೊಡುತ್ತಾ, "ಮಂಡಿ ಹೇಗಿದೆ?" ಅಂದರು.

ಅತ್ತೆ ನನ್ನತ್ತ ತಿರುಗಿದರು. "ನಿನ್ ಬಾಯಲ್ಲಿ ಒಂದು ಮಾತು ನಿಲ್ಲಲ್ವಲ್ಲೋ."

"ಹಳೇ ಸ್ಪ್ರಿಂಗ್ ಹಾಕಿಸ್ಲಾ?"

"ಬೇಡ ರೀ, ನಿಮ್ಗಿಷ್ಟ ಅಲ್ವಾ ಅದು."

ಮಾವ ನನ್ನ ಮುಖ ನೋಡಿದರು. "ನೀನೇನಂತೀಯೋ?"

"ನನ್ನ ಕೇಳ್ಬೇಡಿ ಮಾವ," ಎಂದು ತಟ್ಟೆ ತರುವ ನೆಪದಲ್ಲಿ ಅಡುಗೆಮನೆಗೆ ಹೋದೆ. ತಟ್ಟೆಗಳನ್ನು ಒಂದೊಂದಾಗಿ ಒರೆಸಿದೆ. ಆಮೇಲೆ ಅತ್ತೆಯ ದನಿ ಕೇಳಿಸಿತು:

"ಹಾಕಿಸಿ ರೀ. ನಂಗೂ ಆಚೆ ಹೋಗ್ಬೇಕು ಅನ್ಸುತ್ತೆ."